ಗ್ಯಾಸ್ ಅಂತ ಮೆಡಿಕಲ್ ಶಾಪಿಗೆ ಬರೋ ಮುಂಚೆ: ಅರ್ಜೆಂಟ್ ಹೊತ್ತಲ್ಲಿ ದಾವಣಗೆರೆ ಕಡೆಯೋರು ಎಲ್ಲಿಗೆ, ಹೆಂಗೆ ಹೋಗ್ಬೇಕು

ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಕೊಂಡಿರೋನು, ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದ್ರೆ ರಾತ್ರಿ ಶಟರ್ ಅರ್ಧ ಇಳಿಸಿದ ಮೇಲೆ ಬಗ್ಗಿ ಒಳಗೆ ಇಣುಕೋರನ್ನ ಎಷ್ಟೋ ವರ್ಷದಿಂದ ನೋಡ್ತಿದೀನಿ. "ಅಣ್ಣ, ಎದಿ ಹಿಡ್ಕಂಡಂಗ ಆಗೇತಿ, ಸಂಜಿಗೆ ಮಿರ್ಚಿ ಮಂಡಕ್ಕಿ ತಿಂದಿದ್ದೆ, ಗ್ಯಾಸಿಂದು ಏನಾರ ಕೊಡು" ಅಂತಾರೆ. ಹಾವು ಕಚ್ಚಿಸ್ಕೊಂಡೋರು ಬಂದಿದಾರೆ, ಫಿಟ್ಸ್ ಬಂದ ಮಗುನ ಎತ್ಕೊಂಡು ಓಡಿ ಬಂದೋರು ಇದಾರೆ. ಎಲ್ಲರೂ ಕೊನೆಗೆ ಕೇಳೋದು ಒಂದೇ, "ಯಾವ ಆಸ್ಪತ್ರೆ ಚಲೋ ಐತಿ ಅಣ್ಣ?"

ಎಡವೋದೇ ಈ ಪ್ರಶ್ನೆಯಲ್ಲಿ. ಅರ್ಜೆಂಟ್ ಹೊತ್ತಲ್ಲಿ ಕೇಳ್ಬೇಕಾಗಿರೋದು ಈ ಕಾಯಿಲೆಗೆ ಏನು ಬೇಕು, ಅದು ಈ ಗಳಿಗೆಯಲ್ಲಿ ಹತ್ತಿರ ಎಲ್ಲೈತಿ ಅಂತ. ಹೆಸರು ನೋಡಿ ಹೋದ್ರೆ ಒಂದು ಕಡೆ ಡಾಕ್ಟರ್ ಇರಲ್ಲ, ಇನ್ನೊಂದು ಕಡೆ ಸ್ಕ್ಯಾನ್ ಇರಲ್ಲ, ಮೂರನೇ ಕಡೆ ಬೆಡ್ ಇರಲ್ಲ, ಅಷ್ಟರಲ್ಲಿ ಎರಡು ತಾಸು ಹೋಗಿರ್ತದೆ. ಅದಕ್ಕೇ ಕೆಳಗಿರೋದನ್ನ ಅದೇ ಕ್ರಮದಲ್ಲಿ ಮಾಡ್ರಿ, ಹಿಂದುಮುಂದು ಮಾಡಬೇಡ್ರಿ.

ಹಂತ 1: ಯಾರಿಗೂ ಏನೂ ಆಗದಿರುವಾಗ, ಅಂದ್ರೆ ಇವತ್ತೇ ಮಾಡೋ ಕೆಲಸ

ಒಂದು ಪ್ಲಾಸ್ಟಿಕ್ ಕವರ್ ತಗೊಳ್ಳಿ, ಬಟ್ಟೆ ಅಂಗಡಿದಾದ್ರೂ ಆಯ್ತು. ಅದರೊಳಗೆ ಮನೆಯಲ್ಲಿ ಬಿಪಿ, ಶುಗರ್, ಹಾರ್ಟ್ ತೊಂದ್ರೆ ಇರೋರ ಹಳೇ ಚೀಟಿ, ಕೊನೇ ಇಸಿಜಿ, ಈಗ ತಗೊಳ್ತಿರೋ ಮಾತ್ರೆಗಳ ಖಾಲಿ ಪಟ್ಟಿ (ಸ್ಟ್ರಿಪ್), ರೇಷನ್ ಕಾರ್ಡ್ ಮತ್ತೆ ಆಧಾರ್ ಜೆರಾಕ್ಸ್ ಹಾಕಿಡ್ರಿ. ಬಸುರಿ ಇದ್ರೆ ತಾಯಿ ಕಾರ್ಡ್. ಯಾವ ಔಷಧಿ ಆಗಿಬರಲ್ಲ ಅನ್ನೋದನ್ನ ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೀರಿ. ಮಾತ್ರೆ ಪಟ್ಟಿ ಯಾಕೆ ಅಂದ್ರೆ, ಕ್ಯಾಶುವಾಲ್ಟಿಯಲ್ಲಿ ಡಾಕ್ಟರ್ "ಏನ್ ಮಾತ್ರೆ ತಗೊಳ್ತಾರೆ" ಅಂದಾಗ ಹತ್ತರಲ್ಲಿ ಎಂಟು ಜನ ಹೇಳೋದು "ಸಣ್ಣದು, ಬಿಳೀದು ಸಾರ್" ಅಂತ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಚಿಕಿತ್ಸೆಯೇ ಬದಲಾಗ್ತದೆ, ಅದಕ್ಕೆ ಪಟ್ಟಿ ಬೇಕೇ ಬೇಕು.

ಆಮೇಲೆ ನಂಬರ್ರು. 108 ಆಂಬುಲೆನ್ಸ್, 112 ಪೊಲೀಸು ಫೈರು ಎಲ್ಲದಕ್ಕೂ, 104 ಆರೋಗ್ಯ ಸಹಾಯವಾಣಿ, ಮನಸ್ಸಿನ ಸಂಕಟಕ್ಕೆ 14416 ಟೆಲಿ ಮಾನಸ್. ಇವೆಲ್ಲ ಎಲ್ಲರಿಗೂ ಗೊತ್ತಿರೋವೇ, ಗೊತ್ತಿಲ್ಲದ್ದು ನಿಮಗೆ ಹತ್ತಿರದ ಮೂರು ಆಸ್ಪತ್ರೆಗಳ ಕ್ಯಾಶುವಾಲ್ಟಿ ನಂಬರ್. ರಿಸೆಪ್ಷನ್ ನಂಬರ್ ಸಾಕಾಗಲ್ಲ, ಕ್ಯಾಶುವಾಲ್ಟಿದೇ ಬೇಕು. ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಒಳಗೆ ಹೋಗಿ ಕೇಳಿ ಬರ್ಕೊಂಡು ಬರ್ರಿ.

ಹಂಗೇ ಒಂದು ಸಣ್ಣ ಸರ್ವೆ ಮಾಡ್ರಿ. ನಿಮ್ಮ ಮನೆಯಿಂದ ಹದಿನೈದು ನಿಮಿಷದಲ್ಲಿ ಇಸಿಜಿ ಎಲ್ಲಿ ಸಿಗ್ತದೆ, ರಾತ್ರಿ ಸಿಟಿ ಸ್ಕ್ಯಾನ್ ಎಲ್ಲಿ ಸಿಗ್ತದೆ, ಆಂಜಿಯೋಪ್ಲಾಸ್ಟಿ (ಹಾರ್ಟಿನ ರಕ್ತನಾಳದ ಬ್ಲಾಕ್ ಬಿಡಿಸೋದು) ಮಾಡೋ ಕ್ಯಾತ್‌ಲ್ಯಾಬ್ ಎಲ್ಲೈತಿ, ಐಸಿಯು ಎಲ್ಲೈತಿ. ಊರೊಳಗಿರೋರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ, ಬೈಪಾಸ್ ಕಡೆ ಎಸ್ಸೆಸ್ ಹೈಟೆಕ್, ಜೊತೆಗೆ ಒಂದಿಷ್ಟು ಪ್ರೈವೇಟ್ ಆಸ್ಪತ್ರೆ ಹೆಂಗೂ ಕೈಗೆಟುಕೋ ದೂರದಲ್ಲಿ ಇದಾವೆ. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯೋರಿಗೆ ಈ ಸರ್ವೆ ಇನ್ನೂ ಮುಖ್ಯ, ಯಾಕಂದ್ರೆ ದಾವಣಗೆರೆ ಮುಟ್ಟೋಕೇ ಒಂದು ತಾಸು ಬೇಕು. ಆ ಒಂದು ತಾಸಿನ ಹಾದಿಯಲ್ಲಿ ಮಧ್ಯೆ ಏನೈತಿ ಅನ್ನೋದು ಗೊತ್ತಿರ್ಬೇಕು.

ಹಂತ 2: ಮೊದಲ ಒಂದು ನಿಮಿಷ, ಇದು ಈಗಿಂದಾ ಇವತ್ತಿಂದಾ ನಾಳಿಂದಾ

ಪೇಷಂಟನ್ನ ನೋಡಿದ ತಕ್ಷಣ ಕಾಯಿಲೆ ಹೆಸರು ಹುಡುಕೋಕೆ ಹೋಗಬೇಡ್ರಿ. ಟೈಮ್ ಎಷ್ಟೈತಿ ಅನ್ನೋದನ್ನ ಮಾತ್ರ ನೋಡ್ರಿ.

"ಈಗ" ಅಂದ್ರೆ ಇವು: ಕರೆದ್ರೆ ಎಚ್ಚರ ಆಗ್ತಿಲ್ಲ. ಒಂದು ವಾಕ್ಯ ಪೂರ್ತಿ ಮಾತಾಡೋಕೆ ಉಸಿರು ಸಾಲ್ತಿಲ್ಲ. ತುಟಿ ನೀಲಿ. ಎದೆ ಬಿಗಿತದ ಜೊತೆ ತಣ್ಣನೆ ಬೆವರು. ಮುಖ ಒಂದು ಕಡೆ ಜೋತಿದೆ, ಕೈ ಎತ್ತೋಕಾಗ್ತಿಲ್ಲ, ಮಾತು ತೊದಲ್ತಿದೆ. ಒತ್ತಿ ಹಿಡಿದ್ರೂ ನಿಲ್ಲದ ರಕ್ತ. ಫಿಟ್ಸ್ ಐದು ನಿಮಿಷ ದಾಟಿದೆ ಅಥವಾ ಒಂದರ ಮೇಲೊಂದು ಬರ್ತಿದೆ. ಹಾವು, ವಿಷ, ಕರೆಂಟ್ ಶಾಕ್, ನೀರಲ್ಲಿ ಮುಳುಗಿದ್ದು, ತಲೆಗೆ ಪೆಟ್ಟು ಬಿದ್ದು ವಾಂತಿ. ಬಸುರಿಗೆ ರಕ್ತ ಹೋಗೋದು, ಅಥವಾ ತಲೆ ಸಿಡಿತದ ಜೊತೆ ಕಣ್ಣು ಮಂಜಾಗೋದು. ಇದರಲ್ಲಿ ಒಂದಿದ್ರೂ ಸಾಕು, ಹಂತ 3ಕ್ಕೆ ಹೋಗ್ರಿ, ನನ್ನ ಅಂಗಡಿಗೆ ಬರಬೇಡ್ರಿ.

"ಇವತ್ತು" ಅಂದ್ರೆ ನಾಯಿ ಕಚ್ಚಿದ್ದು, ಮೂರು ದಿನದ ಜ್ವರ, ಭೇದಿ ನಿಲ್ತಿಲ್ಲ, ಮೂಳೆ ಮುರಿದಂಗಿದೆ ಆದ್ರೆ ಕೈ ಬೆರಳು ಬೆಚ್ಚಗಿದಾವೆ, ಇಂಥವು. "ನಾಳೆ" ಅಂದ್ರೆ ನೆಗಡಿ, ತುರಿಕೆ, ಹಳೇ ಮಂಡಿ ನೋವು, ಅದಕ್ಕೆ ರಾತ್ರಿ ಹನ್ನೊಂದಕ್ಕೆ ಕ್ಯಾಶುವಾಲ್ಟಿಯಲ್ಲಿ ಹೋಗಿ ಕೂತ್ರೆ ಡ್ಯೂಟಿ ಡಾಕ್ಟರ್ ಮುಖ ಗಂಟಿಕ್ತಾರೆ, ಅವರದ್ದೂ ತಪ್ಪಲ್ಲ.

ಒಂದು ಎಚ್ಚರಿಕೆ. ಶುಗರ್ ಇರೋರು, ವಯಸ್ಸಾದೋರು, ಹೆಂಗಸ್ರು, ಇವರಿಗೆ ಹಾರ್ಟ್ ಅಟ್ಯಾಕ್ ಬಂದಾಗ ಎದೆ ನೋವೇ ಇಲ್ಲದಿರಬಹುದು. ಬರೀ ಸುಸ್ತು, ಬೆವರು, ದವಡೆ ಅಥವಾ ಎಡಗೈ ನೋವು, ಮೇಲ್‌ಹೊಟ್ಟೆ ಉರಿ. ಹಂಗಾಗಿ "ಎದಿ ನೋವಿಲ್ಲಲ್ಲ, ಬಿಡು" ಅನ್ನಬೇಡ್ರಿ.

ಹಂತ 3: 108ಆ, ಸ್ವಂತ ಗಾಡಿನಾ

ಎಚ್ಚರ ಇಲ್ಲದೋರು, ಉಸಿರಾಟದ ತೊಂದರೆ ಇರೋರು, ಬೆನ್ನು ಕುತ್ತಿಗೆಗೆ ಪೆಟ್ಟಾದೋರು, ಹೆರಿಗೆ ನೋವು ಜೋರಾಗಿರೋರು, ಇವರಿಗೆ ಆಂಬುಲೆನ್ಸೇ ಬೇಕು. ಆಕ್ಸಿಜನ್ ಇರ್ತದೆ, ಟ್ರೈನಿಂಗ್ ಆದೋರು ಇರ್ತಾರೆ, ದುಡ್ಡೂ ಇಲ್ಲ.

ಫೋನ್ ಮಾಡಿದಾಗ ಅಳು ಬರೋದು ಸಹಜ, ಆದ್ರೂ ನಾಲ್ಕು ಮಾತು ಇದೇ ಕ್ರಮದಲ್ಲಿ ಹೇಳ್ರಿ: ಊರು ಮತ್ತೆ ಗುರುತು, ಏನಾಗಿದೆ, ವಯಸ್ಸೆಷ್ಟು ಎಚ್ಚರ ಐತಾ ಇಲ್ವಾ, ನಿಮ್ಮ ನಂಬರ್. ಊರು ಮೊದಲು ಯಾಕೆ ಅಂದ್ರೆ ಲೈನ್ ಕಟ್ ಆದ್ರೂ ಗಾಡಿ ಹೊರಡ್ತದೆ. ಗುರುತು ಅಂದ್ರೆ "ನಮ್ಮ ಗೌಡ್ರ ಮನಿ ಹಿಂದೆ" ಅಲ್ಲ, ಬೇರೆ ಊರಿನ ಡ್ರೈವರಿಗೂ ಕಾಣೋ ಶಾಲೆ, ನೀರಿನ ಟ್ಯಾಂಕ್, ಗುಡಿ. ಹಳ್ಳಿ ಆದ್ರೆ ಒಬ್ಬ ಹುಡುಗ ಮೊಬೈಲ್ ಟಾರ್ಚ್ ಹಿಡ್ಕೊಂಡು ಮೇನ್ ರೋಡಿಗೆ ಹೋಗಿ ನಿಲ್ಲಲಿ, ಗಾಡಿ ಊರು ಹುಡುಕೋಕೇ ಹತ್ತು ನಿಮಿಷ ಕಳೀತದೆ.

ಗಾಡಿ ಬರೋಕೆ ಮುಕ್ಕಾಲು ತಾಸು ಅಂತಾರೆ, ಪೇಷಂಟ್ ಎಚ್ಚರ ಇದಾರೆ, ಪಕ್ಕದ ಮನೆಯಲ್ಲಿ ಕಾರೈತಿ, ಹತ್ತಿರದ ಆಸ್ಪತ್ರೆ ಹದಿನೈದು ನಿಮಿಷ ಅಂದ್ರೆ ಕಾಯಬೇಡ್ರಿ, ಕಾರಲ್ಲೇ ಹೋಗ್ರಿ. ಹೊರಟ ಮೇಲೆ 108ಗೆ ಫೋನ್ ಮಾಡಿ ಬೇಡ ಅಂತ ಹೇಳ್ರಿ, ಆ ಗಾಡಿ ಇನ್ನೊಬ್ಬರಿಗೆ ಹೋಗ್ತದೆ. ಎದೆನೋವು ಬಂದೋರೇ ಸ್ಟೀರಿಂಗ್ ಹಿಡಿಯೋದು, ಇಬ್ಬರ ಮಧ್ಯೆ ಬೈಕಲ್ಲಿ ಸ್ಯಾಂಡ್‌ವಿಚ್ ಮಾಡಿ ಕೂರಿಸ್ಕೊಂಡು ಬರೋದು, ಇವೆರಡೂ ಬೇಡ. ಎಚ್ಚರ ತಪ್ಪಿದೋರನ್ನ ಮಧ್ಯೆ ಕೂರಿಸಿದ್ರೆ ತಲೆ ಮುಂದಕ್ಕೆ ಬಾಗಿ ನಾಲಿಗೆ ಹಿಂದೆ ಸರಿದು ಉಸಿರು ಕಟ್ಟುತ್ತೆ.

ಹೊರಡೋ ಮುಂಚೆ ಕೈಯಲ್ಲಿರೋ ಉಂಗುರ, ಬಳೆ ತೆಗೀರಿ, ಬಾಯಿಗೆ ಏನೂ ಹಾಕಬೇಡ್ರಿ. ನೀರು ಕುಡಿಸೋದು ನಮ್ಮ ಕಡೆ ಒಂದು ಚಟ. ಎಚ್ಚರ ಇಲ್ಲದೋರಿಗೆ ಕುಡಿಸಿದ ನೀರು ಶ್ವಾಸಕೋಶಕ್ಕೆ ಹೋಗ್ತದೆ. ಫಿಟ್ಸ್ ಬಂದಾಗ ಕೈಗೆ ಕೀಲಿಕೈ ಕೊಡೋದು, ಮೂಗಿಗೆ ಈರುಳ್ಳಿ ಹಿಡಿಯೋದು ಏನೂ ಉಪಯೋಗಕ್ಕಿಲ್ಲ. ಒಂದು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡ್ರಿ.

ಹಂತ 4: ಈ ಕಾಯಿಲೆಗೆ ಏನು ಬೇಕು

ಇದೇ ಮುಖ್ಯ ಹಂತ, ಬಹಳ ಜನ ಫೇಲ್ ಆಗೋದೂ ಇಲ್ಲೇ, ಅದಕ್ಕೆ ಉದ್ದ ಬರೀತೀನಿ.

ಎದೆ ನೋವು: ಮೊದಲು ಬೇಕಿರೋದು ಇಸಿಜಿ. ಆಂಜಿಯೋಪ್ಲಾಸ್ಟಿ ಎರಡನೇದು. ಇಸಿಜಿ ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದಲ್ಲಿ ಆಗ್ಬೇಕು. ಅದರಲ್ಲಿ ದೊಡ್ಡ ರಕ್ತನಾಳ ಪೂರ್ತಿ ಮುಚ್ಚಿರೋದು ಕಂಡ್ರೆ ಎರಡು ದಾರಿ, ಒಂದು ಕ್ಯಾತ್‌ಲ್ಯಾಬಿಗೆ ಹೋಗಿ ಬ್ಲಾಕ್ ಬಿಡಿಸೋದು, ಅದು ಎರಡು ತಾಸಿನೊಳಗೆ ಆಗೋ ಹಂಗಿಲ್ಲ ಅಂದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಅಲ್ಲೇ ಕೊಡೋದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿರೋ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಸೆಂಟರಿಗೆ ಕಳಿಸಿ, ಅವರು ಹೇಳಿದ್ರೆ ಟೆನೆಕ್ಟೆಪ್ಲೇಸ್ ಅನ್ನೋ ಇಂಜೆಕ್ಷನ್ ಫ್ರೀಯಾಗಿ ಕೊಡ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ಬೀಳ್ತದೆ. ಹಂಗಾಗಿ ದೂರದ ತಾಲೂಕಿನೋರು "ಸರ್ಕಾರಿ ತಾಲೂಕಾಸ್ಪತ್ರೆಯಲ್ಲಿ ಏನೈತಿ" ಅಂತ ಅದರ ಮುಂದೆಯೇ ಗಾಡಿ ಓಡಿಸ್ಕೊಂಡು ದಾವಣಗೆರೆಗೆ ಬರೋದು ದೊಡ್ಡ ತಪ್ಪು. ನಿಮ್ಮ ತಾಲೂಕಾಸ್ಪತ್ರೆ ಯೋಜನೆಯಲ್ಲಿ ಐತಾ ಅನ್ನೋದನ್ನೂ ಹಂತ 1ರಲ್ಲೇ ಕೇಳಿಟ್ಕೊಳ್ಳಿ.

ಇನ್ನೊಂದು ದೊಡ್ಡ ತಪ್ಪು "ಸೀದಾ ಜಯದೇವಕ್ಕೆ ಹೋಗೋಣ" ಅನ್ನೋದು. ನಮ್ಮೂರಲ್ಲಿ ಜಯದೇವ ಅಂದ್ರೆ ಸರ್ಕಲ್ಲು, ಹಾರ್ಟಿನ ಮುಖ್ಯ ಜಯದೇವ ಆಸ್ಪತ್ರೆ ಇರೋದು ಬೆಂಗಳೂರಲ್ಲಿ, 260 ಕಿಲೋಮೀಟರ್ ದೂರ. ಇಲ್ಲಿ ಇಸಿಜಿ ಆಗಿ, ಇಂಜೆಕ್ಷನ್ ಬಿದ್ದು, ಡಾಕ್ಟರ್ ಹೊರಡಬಹುದು ಅಂದ ಮೇಲೆ ಆ ಮಾತು. ನೋವು ಶುರುವಾಗಿ ಹನ್ನೆರಡು ತಾಸಿನೊಳಗೆ ಇಂಜೆಕ್ಷನ್ ಕೊಡಬಹುದು ಅಂತಾರೆ, ಆದ್ರೆ ಲಾಭ ಜಾಸ್ತಿ ಇರೋದು ಮೊದಲ ಎರಡು ಮೂರು ತಾಸಲ್ಲೇ.

ಆಸ್ಪಿರಿನ್ ವಿಷಯ ಎಲ್ಲರೂ ಕೇಳ್ತಾರೆ. ಫೋನಲ್ಲಿ ಡಾಕ್ಟರ್ ಅಥವಾ 108ನೋರು ಹೇಳಿದ್ರೆ ಅಗಿಯೋಕೆ ಕೊಡ್ರಿ, ನಿಮ್ಮಷ್ಟಕ್ಕೆ ನೀವು ಬೇಡ. ನಾಲಿಗೆ ಕೆಳಗಿಡೋ ಮಾತ್ರೆ ಪಕ್ಕದ ಮನೆ ಅಜ್ಜಂದು ತಂದು ಇಡೋದಂತೂ ಬೇಡವೇ ಬೇಡ, ಬಿಪಿ ಕುಸಿದು ಬಿದ್ದೋರು ಇದಾರೆ. ಇಲ್ಲಿ ನನ್ನ ತಪ್ಪೂ ಒಂದು ಹೇಳ್ಬೇಕು. ಹಳೇ ಗಿರಾಕಿ ಒಬ್ಬರು, ಹುಳಿ ತೇಗು ಅಂದ್ರು, ಗುಲಾಬಿ ಬಣ್ಣದ ಸಿರಪ್ ಬಾಟ್ಲಿ ಕೊಟ್ಟೆ, ಚಿಲ್ಲರೆ ಇರ್ಲಿಲ್ಲ, ನಲವತ್ತು ರೂಪಾಯಿ ನಾಳೆ ಕೊಡ್ತೀನಿ ಅಂದ್ರು. ಅವರ ಅಂಗಿ ಕಾಲರ್ ಒದ್ದೆಯಾಗಿತ್ತು, ಅದು ನನ್ನ ಕಣ್ಣಿಗೆ ಬಿದ್ದಿತ್ತು, ಜನವರಿ ತಿಂಗಳು, ಬೆವರೋ ಕಾಲವೇ ಅಲ್ಲ. ಐದನೇ ದಿನ ಅವರ ಮಗ ತಲೆ ಬೋಳಿಸ್ಕೊಂಡು ಬಂದು ಆ ನಲವತ್ತು ರೂಪಾಯಿ ಕೌಂಟರ್ ಮೇಲಿಟ್ಟು ಹೋದ. ಅವತ್ತಿಂದ ಬೆವರಿರೋರಿಗೆ ನಾನು ಗ್ಯಾಸಿನ ಔಷಧಿ ಕೊಡಲ್ಲ, ಸ್ಟೂಲ್ ಮೇಲೆ ಕೂರಿಸಿ ಫೋನ್ ಮಾಡ್ತೀನಿ, ಬೈದ್ರೂ ಬೈಲಿ.

ಲಕ್ವ: ಇದಕ್ಕೆ ಬೇಕಿರೋದು ಸಿಟಿ ಸ್ಕ್ಯಾನ್, ಮತ್ತೆ ಗಡಿಯಾರ. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ತಾಸಿನೊಳಗೆ ಕೊಡ್ಬೇಕು, ಅದೂ ರಕ್ತಸ್ರಾವ ಆಗಿಲ್ಲ ಅಂತ ಸ್ಕ್ಯಾನಲ್ಲಿ ನೋಡಿಯೇ. ಲೆಕ್ಕ ಶುರುವಾಗೋದು "ಕೊನೇ ಸಲ ಚೆನ್ನಾಗಿದ್ದದ್ದು ಯಾವಾಗ" ಅನ್ನೋದ್ರಿಂದ. ರಾತ್ರಿ ಹತ್ತಕ್ಕೆ ಚೆನ್ನಾಗಿ ಮಲಗಿದ್ರು, ಬೆಳಿಗ್ಗೆ ಆರಕ್ಕೆ ಹಿಂಗಾಗಿದೆ ಅಂದ್ರೆ ಲೆಕ್ಕ ರಾತ್ರಿ ಹತ್ತರಿಂದ. ಆದ್ರೂ ಲೇಟಾಯ್ತು ಅಂತ ಕೂರಬೇಡ್ರಿ, ಇವತ್ತೇ ಹೋಗ್ರಿ, ಬೇರೆ ಚಿಕಿತ್ಸೆ ಇರ್ತಾವೆ.

ನಮ್ಮ ಮಾವನೋರಿಗೆ ಆದದ್ದು ಬೆಳಿಗ್ಗೆ ಏಳಕ್ಕೆ, ಕಾಫಿ ಲೋಟ ಕೈಯಿಂದ ಜಾರಿತು, ಎಲ್ಲರೂ ನಿದ್ದೆಗಣ್ಣು ಅಂದ್ಕೊಂಡ್ವಿ. ಎಂಟಕ್ಕೆ ಮಾತು ಎಳೀತು. ಪರಿಚಯದ ನರ್ಸಿಂಗ್ ಹೋಮ್ ಅಂತ ಅಲ್ಲಿಗೇ ಹೋದ್ವಿ, ಚೀಟಿ ಮಾಡಿಸಿ ಸಾಲಲ್ಲಿ ಕೂತ್ವಿ, ಡಾಕ್ಟರ್ ಬಂದು ನೋಡಿ ಸ್ಕ್ಯಾನಿಗೆ ಬರ್ಕೊಟ್ರು, ಸ್ಕ್ಯಾನ್ ಅಲ್ಲಿರ್ಲಿಲ್ಲ. ಸ್ಕ್ಯಾನ್ ಸೆಂಟರಿಗೆ ಹೋಗಿ, ರಿಪೋರ್ಟಿಗೆ ಕಾದು, ಅಲ್ಲಿಂದ ದೊಡ್ಡ ಆಸ್ಪತ್ರೆ ಮುಟ್ಟಿದಾಗ ಹನ್ನೆರಡೂ ಕಾಲು. ಮೆಡಿಕಲ್ ಶಾಪ್ ಇಟ್ಕೊಂಡೋನ ಮನೆ ಕಥೆ ಇದು. ಈಗ ಅಂಗಿ ಗುಂಡಿ ಎಡಗೈಯಲ್ಲೇ ಹಾಕ್ಕೊಳ್ತಾರೆ. ಅದಕ್ಕೇ ಹೇಳೋದು, ಸ್ಕ್ಯಾನು, ಡಾಕ್ಟರು, ಐಸಿಯು ಒಂದೇ ಕಾಂಪೌಂಡಲ್ಲಿರೋ ಕಡೆಗೇ ಮೊದಲ ಸಲವೇ ಹೋಗ್ಬೇಕು.

ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚೋದು, ನಾಟಿ ಎಣ್ಣೆ ತಿಕ್ಕೋದು, ಇವೆಲ್ಲ ಮಾಡಿ ಮೂರನೇ ದಿನ ಬರೋರು ಈಗಲೂ ಇದಾರೆ. ಬಿಪಿ ಜಾಸ್ತಿ ಐತಿ ಅಂತ ಮನೆಯಲ್ಲೇ ಎರಡು ಮಾತ್ರೆ ನುಂಗಿಸೋದೂ ತಪ್ಪು, ಸ್ಕ್ಯಾನ್ ಮುಂಚೆ ಆಸ್ಪಿರಿನ್ ಕೊಡೋದೂ ತಪ್ಪು. ಶುಗರ್ ಪೇಷಂಟ್ ಆದ್ರೆ ಗ್ಲೂಕೋಮೀಟರಲ್ಲಿ ಒಂದು ಸಲ ನೋಡ್ರಿ. ಶುಗರ್ ಇಳಿದಾಗಲೂ ಮಾತು ತೊದಲ್ತದೆ, ಎಚ್ಚರ ಇದ್ರೆ ಸಕ್ಕರೆ ನೀರು ಕುಡಿಸಿದ್ರೆ ಸರಿಹೋಗ್ತದೆ. ಸರಿಹೋಗಿಲ್ಲ ಅಂದ್ರೆ ಹೊರಡ್ರಿ.

ಹಾವು: ಬೇಕಿರೋದು ಆಂಟಿ ಸ್ನೇಕ್ ವೆನಮ್ (ಹಾವಿನ ವಿಷಕ್ಕೆ ಕೊಡೋ ಇಂಜೆಕ್ಷನ್) ಮತ್ತೆ, ಕೆಲವು ಸಲ, ವೆಂಟಿಲೇಟರ್. ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ಒಂದೇ ಔಷಧಿ, ಅದಕ್ಕೆ ಹಾವನ್ನ ಹೊಡೆದು ಚೀಲದಲ್ಲಿ ಹಾಕ್ಕೊಂಡು ಬರೋ ಅವಶ್ಯಕತೆ ಇಲ್ಲ, ದೂರದಿಂದ ಫೋಟೋ ಸಿಕ್ರೆ ಸಿಕ್ತು. ಹಗ್ಗ ಬಿಗಿದು ಕಟ್ಟಬೇಡ್ರಿ, ಕೊಯ್ಯಬೇಡ್ರಿ, ಬಾಯಿಂದ ಹೀರಬೇಡ್ರಿ. ಕಾಲುಂಗುರ, ಗೆಜ್ಜೆ ತೆಗೆದು, ಕಾಲನ್ನ ಮುರಿದ ಮೂಳೆಗೆ ಕಟ್ಟೋ ಹಂಗೆ ಮರದ ಪಟ್ಟಿಗೆ ಜೋಡಿಸಿ ಕಟ್ಟಿ, ನಡೆಸದೇ ಎತ್ಕೊಂಡು ಹೋಗ್ರಿ. ಪ್ರೈವೇಟಿಗಿಂತ ಸರ್ಕಾರಿ ಆಸ್ಪತ್ರೆಯಲ್ಲೇ ಈ ಔಷಧಿ ಸಿಗೋ ಸಾಧ್ಯತೆ ಜಾಸ್ತಿ, ಫ್ರೀನೂ ಹೌದು. ಶುರುವಿಗೇ ಹತ್ತು ವಯಲ್ (ಸಣ್ಣ ಇಂಜೆಕ್ಷನ್ ಬಾಟ್ಲಿ) ಬೇಕಾಗ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಮಾಡ್ತು, ಹಂಗಾಗಿ ಆಸ್ಪತ್ರೆಯೋರು ಹೆಸರು ವಿವರ ಬರ್ಕೊಂಡ್ರೆ ಗಾಬರಿಯಾಗಬೇಡ್ರಿ.

ಕಟ್ಟು ಹಾವಿನ ವಿಷಯದಲ್ಲಿ ಮಾತ್ರ ವಿಶೇಷ ಹುಷಾರು. ರಾತ್ರಿ ನೆಲದ ಮೇಲೆ ಮಲಗಿದೋರಿಗೆ ಕಚ್ಚುತ್ತೆ, ಗುರುತು ಕಾಣಲ್ಲ, ಉರಿಯಲ್ಲ. ಬೆಳಗಿನ ಜಾವ ಹೊಟ್ಟೆ ನೋವು, ವಾಂತಿ, ಆಮೇಲೆ ಕಣ್ಣು ರೆಪ್ಪೆ ಜೋತು ಬೀಳೋದು, ನುಂಗೋಕಾಗದಿರೋದು. ನೆಲದಲ್ಲಿ ಮಲಗಿದ್ದೋರಿಗೆ ಹಿಂಗಾದ್ರೆ ಗ್ಯಾಸ್ ಅಂತ ಕೂರದೇ ವೆಂಟಿಲೇಟರ್ ಇರೋ ಕಡೆ ಹೊರಡ್ರಿ. ಮಂತ್ರ ಹಾಕಿಸಿ ಆರಾಮಾದೋರು ಅಂತ ಊರಲ್ಲಿ ಹೇಳ್ತಾರಲ್ಲ, ಅವರಿಗೆ ಕಚ್ಚಿದ್ದು ವಿಷದ ಹಾವಲ್ಲ ಅಥವಾ ವಿಷ ಮೈಯೊಳಗೆ ಹೋಗಿರ್ಲಿಲ್ಲ, ಅಷ್ಟೇ.

ಹೊಲಕ್ಕೆ ಹೊಡೆಯೋ ಎಣ್ಣೆ ಹೊಟ್ಟೆಗೆ ಹೋಗಿದ್ರೆ: ಬೇಕಂತ ಕುಡಿದ್ರೋ, ಮಗು ತಿಳೀದೆ ಕುಡೀತೋ, ಬೈಯೋದು ಆಮೇಲೆ. ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡ್ರಿ. ಬಟ್ಟೆ ಬಿಚ್ಚಿ ಮೈ ತೊಳೀರಿ, ಮುಟ್ಟಿದೋರೂ ಕೈ ತೊಳ್ಕೊಳ್ಳಿ. ಬಾಟ್ಲಿಯನ್ನ ಲೇಬಲ್ ಸಮೇತ ಆಸ್ಪತ್ರೆಗೆ ತರಲೇಬೇಕು, ಯಾವ ಔಷಧಿ ಅನ್ನೋದ್ರ ಮೇಲೆ ಚಿಕಿತ್ಸೆ ನಿಂತಿರ್ತದೆ. ಐಸಿಯು ಇರೋ ಆಸ್ಪತ್ರೆಗೇ ಹೋಗ್ರಿ. ಪೊಲೀಸ್ ಕೇಸ್ ಆಗ್ತದೆ ಅಂತ ಹೆದರಿ ಸಣ್ಣ ಕ್ಲಿನಿಕ್ಕಲ್ಲಿ ಗುಟ್ಟಾಗಿ ಡ್ರಿಪ್ ಹಾಕ್ಸಿದ್ರೆ ಜೀವಕ್ಕೇ ಅಪಾಯ. ಹುಷಾರಾಗಿ ಮನೆಗೆ ಬಂದ ಮೇಲೆ ಒಂಟಿ ಬಿಡಬೇಡ್ರಿ, 14416ಗೆ ಮಾತಾಡಿಸ್ರಿ.

ರಸ್ತೆ ಅಪಘಾತ: ಹೈವೇ ನಮ್ಮ ಪಕ್ಕದಲ್ಲೇ ಹೋಗ್ತದೆ, ಇದು ಎಲ್ಲರಿಗೂ ಎದುರಾಗೋದೇ. ಬೇಕಿರೋದು ಸರ್ಜನ್, ಸಿಟಿ ಸ್ಕ್ಯಾನ್, ರಕ್ತ. ಹೆಲ್ಮೆಟ್ ಎಳೆದು ತೆಗೆಯಬೇಡ್ರಿ, ಕೈಕಾಲು ಹಿಡಿದು ಆಟೋದಲ್ಲಿ ಮಡಚಿ ಹಾಕಬೇಡ್ರಿ, ರಕ್ತ ಸುರಿಯೋ ಜಾಗಕ್ಕೆ ಬಟ್ಟೆ ಒತ್ತಿ ಹಿಡೀರಿ. ಸಹಾಯ ಮಾಡಿದೋರನ್ನ ಪೊಲೀಸರು ಬಲವಂತವಾಗಿ ಸಾಕ್ಷಿ ಮಾಡಂಗಿಲ್ಲ, ಕಾನೂನೇ ಐತಿ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಬಂದಿದೆ, ಯೋಜನೆಗೆ ಸೇರಿರೋ ಆಸ್ಪತ್ರೆಯಲ್ಲಿ ಅಪಘಾತ ಆದ ದಿನದಿಂದ ಏಳು ದಿನದವರೆಗೆ ಒಂದೂವರೆ ಲಕ್ಷದ ತನಕ. ಪೊಲೀಸರಿಗೆ ಮಾಹಿತಿ ಹೋಗಿರ್ಬೇಕು, ಅದಕ್ಕೆ 112ಗೆ ಹೇಳೋದನ್ನ ಮರೀಬೇಡ್ರಿ.

ಮಕ್ಕಳು: ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಅಂದ್ರೆ ಸಿರಪ್ ಕೊಟ್ಟು ಕಾಯೋ ಹಂಗಿಲ್ಲ, ಮಕ್ಕಳ ವಿಭಾಗ ಇರೋ ಆಸ್ಪತ್ರೆಗೇ. ದೊಡ್ಡ ಮಕ್ಕಳಿಗೆ ಕೆಮ್ಮು ಜ್ವರ ಇದ್ರೆ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸ್ರಿ. ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದೊಳಗೆ 40 ಅಥವಾ ಜಾಸ್ತಿ ಇದ್ರೆ, ಪಕ್ಕೆ ಒಳಗೆ ಸೇದ್ತಿದ್ರೆ, ಹಾಲು ಕುಡೀತಿಲ್ಲ ಅಂದ್ರೆ ಈಗಲೇ ಹೊರಡ್ರಿ. ಅಳುವಾಗ ಎಣಿಸಬೇಡ್ರಿ, ಲೆಕ್ಕ ತಪ್ಪುತ್ತೆ.

ಸುಟ್ಟ ಗಾಯ: ಇಪ್ಪತ್ತು ನಿಮಿಷ ನಲ್ಲಿ ನೀರು, ಆಮೇಲೆ ಆಸ್ಪತ್ರೆ. ಟೂತ್‌ಪೇಸ್ಟು, ಇಂಕು, ಇಡ್ಲಿ ಹಿಟ್ಟು ಯಾವುದೂ ಬೇಡ.

ಹಂತ 5: ಗಾಡಿ ಹತ್ತಿದ ಮೇಲೆ ಒಂದು ಫೋನು

ಹೊರಡೋದನ್ನ ನಿಲ್ಲಿಸಿ ಫೋನ್ ಮಾಡ್ರಿ ಅಂತ ಹೇಳ್ತಿಲ್ಲ, ಗಾಡಿ ಓಡ್ತಿರ್ಲಿ, ಪಕ್ಕದಲ್ಲಿ ಕೂತೋರು ಕ್ಯಾಶುವಾಲ್ಟಿಗೆ ಮಾಡ್ರಿ. "ಬೆಡ್ ಐತಾ" ಅಂತ ಕೇಳಿದ್ರೆ "ಕರ್ಕೊಂಡ್ ಬನ್ನಿ ನೋಡೋಣ" ಅಂತಾರೆ, ಅದರಿಂದ ಉಪಯೋಗ ಇಲ್ಲ. ಹಿಂಗೆ ಕೇಳ್ರಿ:

"ಮೇಡಂ, ಐವತ್ತೆಂಟು ವರ್ಷ, ಗಂಡಸು, ಏಳು ಗಂಟೆಗೆ ಬಲಗೈ ಬಿದ್ದುಹೋಗಿದೆ, ಇಪ್ಪತ್ತು ನಿಮಿಷದಲ್ಲಿ ಬರ್ತೀವಿ. ಸಿಟಿ ಸ್ಕ್ಯಾನ್ ಈಗ ನಡೀತಿದೆಯಾ? ಲಕ್ವದ ಇಂಜೆಕ್ಷನ್ ಕೊಡೋ ಡಾಕ್ಟರ್ ಈಗ ಇದಾರಾ? ಐಸಿಯು ಈಗ ಖಾಲಿ ಐತಾ?"

ಮೂರೂ "ಈಗ". ಮೆಷಿನ್ ಇರೋದು ಬೇರೆ, ನಡೀತಿರೋದು ಬೇರೆ. ಭಾನುವಾರ, ಹಬ್ಬದ ದಿನ ಇದನ್ನ ಕೇಳದೇ ಹೋಗಬೇಡ್ರಿ. ಇಲ್ಲ ಅಂದ್ರೆ ಅಲ್ಲೇ ರೋಡಲ್ಲೇ ಎರಡನೇ ಆಸ್ಪತ್ರೆಗೆ ತಿರುಗಿಸ್ರಿ. ಯಾರೂ ಫೋನ್ ಎತ್ತಿಲ್ಲ ಅಂದ್ರೆ ಮೆಡಿಕಲ್ ಕಾಲೇಜ್ ಆಸ್ಪತ್ರೆ ಅಥವಾ ಜಿಲ್ಲಾ ಆಸ್ಪತ್ರೆಗೆ ನಡೀರಿ, ಅಲ್ಲಿ ರಾತ್ರಿನೂ ಒಬ್ಬರಲ್ಲ ಒಬ್ಬರು ಡಾಕ್ಟರ್ ಇದ್ದೇ ಇರ್ತಾರೆ.

ಪ್ರೈವೇಟ್ ಆಂಬುಲೆನ್ಸ್ ಡ್ರೈವರ್ "ಅಲ್ಲಿ ಬೇಡ ಅಣ್ಣ, ನಾನು ಹೇಳೋ ಕಡೆ ಹೋಗೋಣ" ಅಂದ್ರೆ ಇದೇ ಮೂರು ಪ್ರಶ್ನೆ ಅವನಿಗೂ ಕೇಳ್ರಿ, ಉತ್ತರ ಬಂದಿಲ್ಲ ಅಂದ್ರೆ ನೀವು ಹೇಳಿದ ಕಡೆಗೇ ಗಾಡಿ ಹೋಗ್ಲಿ.

ಹಂತ 6: ಕ್ಯಾಶುವಾಲ್ಟಿ ಬಾಗಿಲಲ್ಲಿ

ಒಬ್ಬರು ಪೇಷಂಟ್ ಜೊತೆ, ಒಬ್ಬರು ಕೌಂಟರಿಗೆ, ಉಳಿದ ಹತ್ತು ಜನ ಹೊರಗೆ. ಓಪಿಡಿ ಚೀಟಿ ಸಾಲಲ್ಲಿ ನಿಲ್ಲಬೇಡ್ರಿ, ಸೀದಾ ಕ್ಯಾಶುವಾಲ್ಟಿ. ಮೊದಲ ಮಾತು ಕಥೆ ಆಗಬಾರದು, "ಎದೆನೋವು, ಬೆವರು, ಎಂಟು ಗಂಟೆಯಿಂದ, ಶುಗರ್ ಐತಿ" ಅಂದ್ರೆ ಸಾಕು, ನರ್ಸ್ ಕಿವಿ ನಿಮಿರ್ತದೆ. ನಿಮಗಿಂತ ಲೇಟಾಗಿ ಬಂದೋರನ್ನ ಮೊದಲು ನೋಡಿದ್ರೆ ಜಗಳ ಬೇಡ, ಅಲ್ಲಿ ನೋಡೋದು ಜೀವಕ್ಕೆ ಅಪಾಯ ಯಾರಿಗೆ ಜಾಸ್ತಿ ಅನ್ನೋದನ್ನ. ಆದ್ರೆ ಕಾಯ್ತಿರುವಾಗ ಪೇಷಂಟ್ ಬೆವರೋಕೆ, ತೂಕಡಿಸೋಕೆ ಶುರು ಮಾಡಿದ್ರೆ ತಕ್ಷಣ ಕೂಗಿ ಹೇಳ್ರಿ.

ದುಡ್ಡಿನ ವಿಷಯ. ತುರ್ತು ಸ್ಥಿತಿಯಲ್ಲಿ ಅಡ್ವಾನ್ಸ್ ಕಟ್ಟಿದ ಮೇಲೇ ಮುಟ್ತೀವಿ ಅನ್ನೋ ಹಂಗಿಲ್ಲ, ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿ ಇದು ಸೇರಿದೆ. ಪೊಲೀಸ್ ಕೇಸು, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸು) ಅಂತಲೂ ವಾಪಸ್ ಕಳಿಸಂಗಿಲ್ಲ, ಮೊದಲು ಚಿಕಿತ್ಸೆ ಆಮೇಲೆ ಕಾಗದ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಇದನ್ನ ಕೂಗಾಡಿ ಹೇಳಿದ್ರೆ ಕೆಲಸ ಆಗಲ್ಲ, "ಮೊದಲು ಸ್ಟೇಬಲ್ ಮಾಡ್ರಿ ಸಾರ್, ಕಾರ್ಡ್ ತರ್ಸ್ತಿದೀವಿ" ಅಂದ್ರೆ ಆಗ್ತದೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್ ಆದ್ರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇಕಡ 30, ವರ್ಷಕ್ಕೆ ಒಂದೂವರೆ ಲಕ್ಷದ ತನಕ. ಮಾಮೂಲಿ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆ ರೆಫರಲ್ ಬೇಕು, ಪಟ್ಟಿಯಲ್ಲಿರೋ ತುರ್ತು ಚಿಕಿತ್ಸೆಗೆ ಬೇಡ. ಅಡ್ಮಿಟ್ ಆಗುವಾಗಲೇ ಈ ಯೋಜನೆ ಕೆಲಸ ನೋಡ್ಕೊಳ್ಳೋ ಆರೋಗ್ಯಮಿತ್ರ ಎಲ್ಲಿ ಕೂರ್ತಾರೆ ಅಂತ ಕೇಳಿ ಕಾರ್ಡ್ ತೋರಿಸ್ರಿ, ಬಿಲ್ ಆದ ಮೇಲೆ ಕಾರ್ಡ್ ಹಿಡ್ಕೊಂಡು ಹೋಗೋರೇ ಜಾಸ್ತಿ, ಆಗ ಏನೂ ಮಾಡೋಕಾಗಲ್ಲ.

ಹಂತ 7: "ಇಲ್ಲಾಗಲ್ಲ, ಕರ್ಕೊಂಡ್ ಹೋಗಿ" ಅಂದ್ರೆ

ಹಂಗೇ ಎತ್ಕೊಂಡು ಓಡಬೇಡ್ರಿ. ನಾಲ್ಕು ಕೇಳ್ರಿ: ಏನಾಗಿದೆ ಅಂತ ಅನುಮಾನ, ಇಲ್ಲಿ ಏನೇನು ಕೊಟ್ಟಿದೀರಿ ಎಷ್ಟು ಹೊತ್ತಿಗೆ, ಎಲ್ಲಿಗೆ ಹೋಗ್ಬೇಕು ಅಲ್ಲಿಗೆ ನೀವೇ ಒಂದು ಫೋನ್ ಮಾಡ್ತೀರಾ, ಹೋಗೋ ಗಾಡಿಯಲ್ಲಿ ಆಕ್ಸಿಜನ್ ಸಾಕಾ ವೆಂಟಿಲೇಟರ್ ಬೇಕಾ. ರೆಫರಲ್ ಚೀಟಿ, ಇಸಿಜಿ, ಸ್ಕ್ಯಾನ್ ಫಿಲ್ಮ್ ಕೈಯಲ್ಲೇ ಇರ್ಲಿ. ಇಸಿಜಿ ಕಾಗದದ ಅಕ್ಷರ ಬಿಸಿಲಿಗೆ ಮಾಸಿಹೋಗ್ತದೆ, ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ.

ಹಂತ 8: ಓಡೋ ಅವಶ್ಯಕತೆ ಇಲ್ಲದವು

ನಾಯಿ ಕಚ್ಚಿದ್ರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯೋ ನೀರಲ್ಲಿ ತೊಳೀರಿ. ಸುಣ್ಣ, ಖಾರದಪುಡಿ, ಅರಿಶಿನ ಮೆತ್ತಬೇಡ್ರಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗ್ರಿ, ಚರ್ಮದೊಳಗೆ ಕೊಡೋ ಇಂಜೆಕ್ಷನ್ 0, 3, 7, 28ನೇ ದಿನ, ನಾಲ್ಕೂ ಮುಗಿಸ್ಬೇಕು, ಎರಡಾದ ಮೇಲೆ ನಾಯಿ ಚೆನ್ನಾಗೈತಿ ಅಂತ ನಿಮ್ಮಷ್ಟಕ್ಕೆ ನೀವೇ ಬಿಡೋದಲ್ಲ. ರಕ್ತ ಬಂದಿದ್ರೆ ಗಾಯದ ಸುತ್ತ ಹಾಕೋ ಇಮ್ಯುನೋಗ್ಲೋಬ್ಯುಲಿನ್ ಬೇಕು, ಅದು ಸಣ್ಣ ಆರೋಗ್ಯ ಕೇಂದ್ರದಲ್ಲಿ ಇಲ್ಲ ಅಂದ್ರೆ ಜಿಲ್ಲಾ ಆಸ್ಪತ್ರೆಗೆ.

ಜ್ವರ, ಕೆಮ್ಮು, ಬಿಪಿ ನೋಡಿಸೋಕೆ ಸರ್ಕಾರದ "ನಮ್ಮ ಕ್ಲಿನಿಕ್"ಗಳು ಇದಾವೆ, ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ ಸಂಜೆ 4.30. ಹೋಗೋಕಾಗದೋರಿಗೆ ಇ-ಸಂಜೀವಿನಿಯಲ್ಲಿ ಮೊಬೈಲಲ್ಲೇ ಡಾಕ್ಟರ್ ಸಿಗ್ತಾರೆ, ದುಡ್ಡಿಲ್ಲ. ಡೆಂಗ್ಯೂ ಸೀಸನ್ನಲ್ಲಿ ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೇಳಬೇಡ್ರಿ, ನಾನೂ ಕೊಡಲ್ಲ. ಡೆಂಗ್ಯೂದಲ್ಲಿ ಜ್ವರ ಇಳಿದ ದಿನವೇ ಹುಷಾರಾಗಿರ್ಬೇಕಾಗಿರೋದು. ಜ್ವರ ಹೋಯ್ತು ಆದ್ರೆ ಹೊಟ್ಟೆ ನೋವು, ಬಿಡದೇ ವಾಂತಿ, ವಸಡಲ್ಲಿ ರಕ್ತ, ಮೈ ತಣ್ಣಗೆ, ಮಂಕು ಅಂದ್ರೆ ಅದು "ಇವತ್ತು" ಗುಂಪಿಂದ "ಈಗ" ಗುಂಪಿಗೆ ಹೋಯ್ತು ಅಂತ ಲೆಕ್ಕ.

ಭೇದಿಗೆ ಓಆರ್‌ಎಸ್. ಇದನ್ನ ಎಷ್ಟು ಸಲ ಹೇಳಿದ್ರೂ ಜನ ಪಾಕೆಟ್ ಮೂಲೆ ಹರಿದು ಒಂದು ಲೋಟಕ್ಕೆ ಅರ್ಧ ಸುರಿದು, ಉಳಿದದ್ದಕ್ಕೆ ಬಟ್ಟೆ ಕ್ಲಿಪ್ ಹಾಕಿ ಇಡ್ತಾರೆ. ಲೋಟದಲ್ಲಿ ಕಲಸಿದ್ರೆ ಉಪ್ಪು ಜಾಸ್ತಿಯಾಗಿ ಮಗುಗೆ ತೊಂದರೆಯಾಗ್ತದೆ. ದೊಡ್ಡ ಪಾಕೆಟ್ಟಿಗೆ ಒಂದು ಲೀಟರ್, ಬಿಸ್ಲೇರಿ ಬಾಟ್ಲಿ ಅಳತೆಗೆ ಇಟ್ಕೊಳ್ಳಿ, ಪೂರ್ತಿ ಪಾಕೆಟ್ ಒಂದೇ ಸಲಕ್ಕೆ, ಚಮಚದಲ್ಲಿ ಸ್ವಲ್ಪ ಸ್ವಲ್ಪ, ವಾಂತಿಯಾದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ. 24 ತಾಸಾದ ಮೇಲೆ ಉಳಿದದ್ದನ್ನ ಚೆಲ್ಲಿ ಹೊಸದು ಕಲಸ್ರಿ.